ಬಟ್ಟೆ ಹಿಡಿಯದ ಕೈ

ಭಟ್ಟಿಯಿಂದ ಬ್ರೆಡ್ಡಿನ ಟ್ರೇಯನ್ನು ಬರಿಗೈಯಲ್ಲಿ ಸರಕ್ಕನೆ ಎಳೆಯುವುದು ಆ ಬೇಕರಿ ಮನೆತನದ ಜಂಭ. ಬಟ್ಟೆ ಹಿಡಿದವರನ್ನು ಕಂಡರೆ ತಾತ ನಗುತ್ತಿದ್ದ, ಅಪ್ಪ ಇನ್ನೂ ಜೋರಾಗಿ ನಗುತ್ತಿದ್ದ. ಇಬ್ಬರೂ ಐವತ್ತು ದಾಟುವ ಮೊದಲೇ, ಒಂದು ದಿನವೂ ತಲೆನೋವು ಎನ್ನದೆ, ಭಟ್ಟಿಯ ಮುಂದೆ ಕುಸಿದುಬಿದ್ದು ತೀರಿಕೊಂಡರು. ಬಿಪಿ ಏರಿ ಮೆದುಳಿನ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ಕಲ್ಲಿನಂಥ ಮನುಷ್ಯರು, ಯಾರ ಕಣ್ಣು ಬಿತ್ತೋ ಎಂದರು ಮನೆಯವರು. ತಪ್ಪನ್ನು ಕೆಟ್ಟ ಕಣ್ಣಿನ ಮೇಲೆ ಹಾಕಿಬಿಟ್ಟರೆ ಯಾರೂ ಪರೀಕ್ಷೆ ಮಾಡಿಸಿಕೊಳ್ಳಬೇಕಿಲ್ಲವಲ್ಲ!

ಈಗ ಬೇಕರಿ ನಡೆಸುವುದು ಅಕ್ಕ, ತಮ್ಮ. ಅಕ್ಕನೂ ಅದೇ ಅಚ್ಚಿನವಳು. ಹುಳುಕು ಹಲ್ಲು ಕೀಳಿಸಲು ಹೋದವಳು, "ಇಂಜೆಕ್ಷನ್ ಎಲ್ಲ ಬೇಡಮ್ಮ, ಹಾಗೇ ಕಿತ್ತುಬಿಡಿ" ಎಂದಳು. ಡಾಕ್ಟರಮ್ಮ ಇಕ್ಕಳ ಕೆಳಗಿಟ್ಟು ಅವಳ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸುತ್ತಿದರು.

"ಹಲ್ಲು ಇವತ್ತು ಬೇಡ. ಬಿಪಿ ತುಂಬಾ ಜಾಸ್ತಿ ಇದೆ. ಮನೇಲಿ ಯಾರಿಗಾದ್ರೂ ಇತ್ತಾ?"

"ಅಪ್ಪನಿಗೆ, ತಾತನಿಗೆ. ಆದ್ರೆ ನನಗೆ ಎಲ್ಲೂ ನೋವೇ ಇಲ್ವಲ್ಲಾ!"

"ಬಿಪಿ ಇರೋ ಮನೆತನದಲ್ಲಿ ಕೆಲವರಿಗೆ ನೋವು ಗೊತ್ತಾಗೋದೇ ಕಡಿಮೆ. ಅದನ್ನ ಆರೋಗ್ಯ ಅಂದ್ಕೋಬೇಡಿ."

ಅಕ್ಕನಿಗೆ ಮೊದಲು ಸಿಟ್ಟು ಬಂತು. ಆಮೇಲೆ ನೆನಪಾದದ್ದು ತಮ್ಮ. ಮೊನ್ನೆ ಅವನ ಮೊಣಕೈ ಸುಟ್ಟು ಬೊಬ್ಬೆ ಎದ್ದಿದ್ದರೂ ಗಿರಾಕಿಯೊಬ್ಬರು ತೋರಿಸುವ ತನಕ ಅವನಿಗೆ ಗೊತ್ತೇ ಇರಲಿಲ್ಲ. ಮನೆಯವರೆಲ್ಲ ಬಿದ್ದುಬಿದ್ದು ನಕ್ಕಿದ್ದರು. ಅವಳೂ ನಕ್ಕಿದ್ದಳು.

ಅವಳು ಮಾತ್ರೆ ಶುರುಮಾಡಿದಳು. ತಮ್ಮ ಮಾತ್ರ ಆಸ್ಪತ್ರೆ ಎಂದರೆ ಸಾಕು, ಕಿವಿ ಕೇಳದವನಂತೆ ಹಿಟ್ಟು ನಾದುತ್ತಿದ್ದ. ಕೊನೆಗೊಂದು ಬೆಳಿಗ್ಗೆ ಅಕ್ಕ ಭಟ್ಟಿ ಹಚ್ಚದೆ, ಅದರ ಮುಂದೆ ಮೈದಾ ಮೂಟೆಯ ಮೇಲೆ ಕೂತುಬಿಟ್ಟಳು.

"ಏಳಕ್ಕ, ಹಿಟ್ಟು ಹುಳಿಯಾಗ್ತಿದೆ!"

"ಆಗ್ಲಿ. ನೀನು ಬಿಪಿ ನೋಡಿಸ್ಕೊಳ್ಳೋ ತನಕ ಭಟ್ಟಿ ಹಚ್ಚಲ್ಲ."

"ನನಗೆ ಏನೂ ನೋವಿಲ್ಲ ಅಂತ ಎಷ್ಟು ಸಲ ಹೇಳ್ಲಿ?"

"ಅದೇ ಕಣೋ ನನ್ನ ಭಯ. ಅಪ್ಪನೂ ಹಾಗೇ ಅಂತಿದ್ದ."

ಇಂಜೆಕ್ಷನ್ ಇಲ್ಲದೆ ಹಲ್ಲು ಕೀಳಿಸಲು ಹೊರಟಿದ್ದ ಅಕ್ಕ ಅಳುತ್ತಿರುವುದನ್ನು ಕಂಡು ತಮ್ಮ, ಕೈಯ ಹಿಟ್ಟನ್ನು ಒರೆಸಿಕೊಂಡು ಆಸ್ಪತ್ರೆಗೆ ಹೊರಟ.

ಅವನ ಬಿಪಿ ಅವಳದಕ್ಕಿಂತ ಜಾಸ್ತಿಯೇ ಇತ್ತು. "ಹೃದಯ, ಕಿಡ್ನಿ ಎಲ್ಲ ಇನ್ನೂ ಚೆನ್ನಾಗಿವೆ. ಮಾತ್ರೆ ತಪ್ಪಿಸಬೇಡಿ, ಒಳ್ಳೇ ಹೊತ್ತಿಗೆ ಬಂದ್ರಿ" ಎಂದರು ಡಾಕ್ಟರು. ಅಕ್ಕನ ಎದೆಯ ಭಾರ ಇಳಿಯಿತು.

ಬೇಕರಿಗೆ ಬಂದು ತಮ್ಮನೇ ಭಟ್ಟಿ ಹಚ್ಚಿದ. ಮೊದಲ ಬ್ರೆಡ್ಡು ಬೆಂದು ಘಮ್ಮೆಂದಿತು. ಟ್ರೇಗೆ ಬರಿಗೈ ಚಾಚಿದವನು ಅರ್ಧಕ್ಕೇ ನಿಂತ.

"ಅಕ್ಕಾ, ಒಂದು ಬಟ್ಟೆ ಕೊಡು."

ಆ ಬೇಕರಿಯಲ್ಲಿ ಹಿಡಿಬಟ್ಟೆ ಎಲ್ಲಿಂದ ಬರಬೇಕು! ಅಕ್ಕ ತನ್ನ ಏಪ್ರನ್ ಬಿಚ್ಚಿ, ದಪ್ಪಗೆ ಮಡಚಿ ಅವನ ಕೈಗಿಟ್ಟಳು.