ಎರಡು ಕಾರ್ಖಾನೆಯ ಕೋಳಿ

ಎಮ್ಮೆಟ್ ಡಾಟ್ಸನ್ ಕೋಳಿಯನ್ನು ಎತ್ತಿ ಲೈಬ್ರರಿಯ ಕಿಟಕಿಗೆ ಹಿಡಿದಾಗ ಲಿಯೋಟಾ ಹಪ್ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಹಾಲಿನಂಥ ಬಿಳಿ ಗಾಜಿನ ಡಬ್ಬಿ ಅದು. ಬುಡ ಹೆಣೆದ ಬುಟ್ಟಿಯ ಹಾಗೆ, ಮುಚ್ಚಳವೇ ಕಾವಿಗೆ ಕೂತ ಕೋಳಿ. ಅತ್ತೆ ಬದುಕಿದ್ದಾಗಲೇ, ಇಪ್ಪತ್ತೆರಡು ವರ್ಷದ ಹಿಂದೆ, ಇಬ್ಬರಿಗೆ ಎರಡು ಕೋಳಿ ಕೊಟ್ಟಿದ್ದಳು. ಮಾವ ಮೊದಲು ದುಡಿದ ಮೇಲಿನ ಗಾಜಿನ ಕಾರ್ಖಾನೆಯದು ಸೊಸೆ ಲಿಯೋಟಾಳಿಗೆ. ಅದು ಮುಚ್ಚಿದ ಮೇಲೆ ಹೊಳೆಯ ತಿರುವಿನ ಕೆಳಗಿನ ಕಾರ್ಖಾನೆಗೆ ಸೇರಿದನಲ್ಲ, ಅಲ್ಲಿಯದು ಮಗಳು ಆರ್ವಿಲ್ಲಾಳಿಗೆ. ಆಗ ಎರಡಕ್ಕೂ ಒಂದೇ ಬೆಲೆ, ಅಂದರೆ ಯಾರಿಗೂ ಬೇಡದ ಬೆಲೆ. ಈಗ ಪಿಟ್ಸ್‌ಬರ್ಗ್‌ನಿಂದ ಕಾರು ಹತ್ತಿ ಬರುವವರು ಮೇಲಿನ ಕಾರ್ಖಾನೆಯ ಕೋಳಿ ಇದೆಯೇ ಎಂದು ಬಾಗಿಲು ತಟ್ಟುತ್ತಾರೆ. ಕೆಳಗಿನದನ್ನು ಕೇಳುವವರಿಲ್ಲ. ಲಿಯೋಟಾ ಮಾರುವವಳಲ್ಲ. ಜೂನ್‌ನಲ್ಲಿ ಮಗಳ ಮದುವೆ, ಕೋಳಿ ಅವಳ ಜೊತೆ ಹೋಗಬೇಕು. ಅದಕ್ಕೆ ಮುಂಚೆ ತಿಳಿದವರ ಬಾಯಿಂದ ಒಂದು ಮಾತು ಕೇಳಿಸಿಕೊಳ್ಳೋಣವೆಂದು, ಊರವರು ಹಳೆಯ ಗಾಜು ತಂದು ತೋರಿಸುವ ಈ ದಿನ ಬಂದಿದ್ದಳು, ಅಷ್ಟೆ.

ಎಮ್ಮೆಟ್ ನಲವತ್ತು ವರ್ಷ ಗಾಜಿನ ಅಚ್ಚು ಕೆತ್ತಿದವನು. ಬುಡವನ್ನು ತಿರುಗಿಸಿ ಅಂಚನ್ನು ಬೆಳಕಿಗೆ ಹಿಡಿದ. "ನೋಡಮ್ಮ, ತುದೀಲಿ ಕೆಂಡದ ಬಣ್ಣ ಕಾಣತ್ತಲ್ಲ? ಇದು ಮೇಲಿನ ಕಾರ್ಖಾನೆದೇ. ಆ ಗಾಜಿನ ಪಾಕ ಬೇರೆಯವರಿಗೆ ಬರ್ಲಿಲ್ಲ." ಆಮೇಲೆ ಮುಚ್ಚಳವನ್ನು ಎರಡೆರಡು ಸಲ ಬೆಳಕಿಗೆ ಹಿಡಿದ.

"ಏನಾಯ್ತು?"

"ಇದು ಸುಣ್ಣದ ಬಿಳುಪು. ಬೆಳಕು ಒಳಗೇ ಹೋಗ್ತಿಲ್ಲ. ಬಾಲ ನೋಡು, ಮೇಲಿನೋರು ಮಾಡ್ತಿದ್ದ ಸೀಳಿಲ್ಲ. ಕೆಳಗಿನ ಕಾರ್ಖಾನೆದು." ಮುಚ್ಚಳವನ್ನು ಬುಡದ ಮೇಲಿಟ್ಟು ಬೆರಳಿಂದ ಒತ್ತಿದ. ಕೋಳಿ ಸಣ್ಣಗೆ ಅಲುಗಾಡಿತು. "ಇವೆರಡಕ್ಕೂ ಯಾರೋ ಕಟ್ಟಿದ ಮದುವೆ ಇದು. ಗಂಡು ಒಂದೂರು, ಹೆಣ್ಣು ಒಂದೂರು."

ಪಕ್ಕದವರು ನಕ್ಕರು. ಲಿಯೋಟಾ ನಗಲಿಲ್ಲ.

ಮನೆಗೆ ನಡೆಯುತ್ತಾ ಅವಳಿಗೆ ಒಂದೇ ದಿನ ನೆನಪಾಯಿತು. ಒಂಬತ್ತು ವರ್ಷದ ಹಿಂದೆ, ಅತ್ತೆ ತೀರಿಕೊಂಡ ವರ್ಷದ ಈಸ್ಟರ್ ಹಬ್ಬ. ಮೇಜಿನ ನಡುವೆ ಇಡುತ್ತೇನೆಂದು ಆರ್ವಿಲ್ಲಾ ಕೋಳಿಯನ್ನು ಎರವಲು ಒಯ್ದಿದ್ದಳು. ಮರುದಿನ ತೊಳೆದು, ಟವೆಲ್ಲಿನಲ್ಲಿ ಸುತ್ತಿ ತಂದುಕೊಟ್ಟಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಕೋಳಿ ಮನೆ ಬಿಟ್ಟು ಹೋಗಿದ್ದು ಅದೊಂದೇ ಸಲ.

ಅಂದರೆ ಅವಳ ಮುಚ್ಚಳ ನನ್ನ ಬುಟ್ಟಿಯ ಮೇಲೆ. ನನ್ನದು ಅವಳ ಬೀರುವಿನಲ್ಲಿ.

ಅಂದಿನಿಂದ ಲಿಯೋಟಾಳಿಗೆ ಕೈಕೆಲಸ ಓಡಲಿಲ್ಲ. ಬಟ್ಟೆ ಇಸ್ತ್ರಿ ಮಾಡುವಾಗ, ಆಲೂಗಡ್ಡೆ ಹೆರೆಯುವಾಗ ಹಳೆಯದೆಲ್ಲ ಒಂದೊಂದಾಗಿ ಎದ್ದು ಬಂದವು. ತನ್ನ ಇಬ್ಬರು ಮಕ್ಕಳ ಬಾಣಂತನದಲ್ಲೂ ಆರ್ವಿಲ್ಲಾ ಬಂದು ಅಡುಗೆ ಮಾಡಿಹಾಕಿದ್ದಳು. ಆಗ ಅದು ಅಕ್ಕರೆ ಅನಿಸಿತ್ತು. ಈಗ, ಬೀರುವಿನ ಬೀಗದ ಕೈ ಎಲ್ಲಿರುತ್ತದೆಂದು ಅವಳಿಗೆ ಗೊತ್ತಾಗಿದ್ದೇ ಆಗಲ್ಲವೇ ಅನಿಸಿತು. ಫೋನಿನಲ್ಲಿ ಸುಮ್ಮನೆ ಕೇಳಿದಳು, "ನಿನ್ನ ಕೋಳಿ ಎಲ್ಲಿಟ್ಟಿದೀಯೆ? ಈಚೆಗೆ ಕಂಡೇ ಇಲ್ಲ."

ಆ ಕಡೆ ಆರ್ವಿಲ್ಲಾ ನಲ್ಲಿ ನಿಲ್ಲಿಸಿದಳು. "ಅಟ್ಟದಲ್ಲಿ. ಪೇಪರ್ ಸುತ್ತಿ ಇಟ್ಟಿದೀನಿ. ಯಾಕೆ?"

"ಸುಮ್ನೆ."

ಬುಧವಾರ ಚರ್ಚಿನ ನೆಲಮಾಳಿಗೆಯಲ್ಲಿ ಕೌದಿ ಹೊಲಿಯಲು ಕೂತಾಗ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂತು. "ಕೆಲವರು ಇಡೀ ಕೋಳಿ ಒಯ್ದು ಅರ್ಧ ವಾಪಸ್ ಕೊಡ್ತಾರೆ ಕಣ್ರೇ," ಎಂದಳು ದಾರ ಕಡಿಯುತ್ತಾ. "ಹತ್ತಿರದ ಸಂಬಂಧ ಬೇರೆ."

ಯಾರೂ ಹೆಸರು ಕೇಳಲಿಲ್ಲ. ಹೆಸ್ಟರ್ ರಕ್‌ಮನ್ ಮಾತ್ರ ಸೂಜಿ ನಿಲ್ಲಿಸಿ, "ಅಯ್ಯೋ ಪಾಪ," ಎಂದಳು. ಯಾರಿಗೆ ಪಾಪ ಎಂದು ಹೇಳಲಿಲ್ಲ.

ಶುಕ್ರವಾರ ಲಿಯೋಟಾ ರೂಬಾರ್ಬ್ ದಂಟಿನ ಸಿಹಿ ಪೈ ಮಾಡಿಕೊಂಡು, ಮುಚ್ಚಳವನ್ನು ಚೌಕದ ಬಟ್ಟೆಯಲ್ಲಿ ಸುತ್ತಿ ಚೀಲದೊಳಗಿಟ್ಟುಕೊಂಡು ಎರಡು ಬೀದಿ ಆಚೆಗಿನ ಆರ್ವಿಲ್ಲಾಳ ಮನೆಗೆ ಹೋದಳು. ಹಿತ್ತಿಲಿನಲ್ಲಿ ಹಾಸಿಗೆಬಟ್ಟೆಗಳು ಗಾಳಿಗೆ ಹಾರುತ್ತಿದ್ದವು, ಆರ್ವಿಲ್ಲಾಳ ಕಾಲು ಮಾತ್ರ ಅವುಗಳ ಕೆಳಗೆ ಕಾಣುತ್ತಿತ್ತು. ಕೂಗಲಿಲ್ಲ ಲಿಯೋಟಾ. ಹಿಂಬಾಗಿಲಿಂದ ಒಳಗೆ ಹೋದಳು. ಪೈ ಇಡಲು ಜಾಗ ನೋಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಬೀರುವಿನ ಬಾಗಿಲು ತೆರೆದಳು. ತಟ್ಟೆಗಳು, ಹೂಜಿ, ಉಪ್ಪಿನ ಕುಡಿಕೆ. ಕೋಳಿಯಿಲ್ಲ. ಅಟ್ಟದ ಮೆಟ್ಟಿಲಿನತ್ತ ಹೊರಟವಳು ಬಟ್ಟೆ ಒಗೆಯುವ ಕೋಣೆಯ ಹತ್ತಿರ ನಿಂತಳು.

ತೊಟ್ಟಿಯ ಪಕ್ಕದ ಹಲಗೆಯ ಮೇಲೆ ಗಾಜಿನ ಬುಟ್ಟಿಯೊಂದಿತ್ತು. ಮೇಲೆ ಕೋಳಿಯಿಲ್ಲ. ಒಳಗೆ ಸವೆದ ಸಾಬೂನಿನ ಚೂರುಗಳು. ಲಿಯೋಟಾ ಅವನ್ನು ಅಂಗೈಗೆ ಸುರಿದುಕೊಂಡು ಬುಟ್ಟಿಯನ್ನು ಕಿಟಕಿಗೆ ಹಿಡಿದಳು. ಸುಣ್ಣದ ಬಿಳುಪು. ಚೀಲದಿಂದ ಮುಚ್ಚಳ ತೆಗೆದು ಅದರ ಮೇಲಿಟ್ಟಳು. ಕೂತಿತು. ಬೆರಳಿಂದ ಒತ್ತಿದಳು. ಅಲುಗಲಿಲ್ಲ.

ಹಾಗಾದರೆ ನನ್ನದೆಲ್ಲಿ?

"ಅಟ್ಟಾನೂ ನೋಡ್ತೀಯ? ಏಣಿ ಹಾಕ್ಕೊಡ್ಲ?"

ಆರ್ವಿಲ್ಲಾ ಬಟ್ಟೆಯ ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಅಟ್ಟದಲ್ಲಿದೆ ಅಂದಿದ್ದೆ," ಎಂದಳು ಲಿಯೋಟಾ.

"ಸುಳ್ಳು ಹೇಳ್ದೆ."

"ನನ್ನ ಮುಚ್ಚಳ ಎಲ್ಲಿ ಆರ್ವಿಲ್ಲಾ? ಮಾರಿಬಿಟ್ಯಾ?"

ಆರ್ವಿಲ್ಲಾಳ ಮುಖ ಕೆಂಪಾಯಿತು. ಬುಟ್ಟಿ ಕೆಳಗಿಟ್ಟಳು. "ಒಡೀತು ಕಣೆ. ಆ ಈಸ್ಟರ್ ರಾತ್ರಿ ಹೊರಗಿನ ಜಗಲೀಲಿ ತಣ್ಣಗೆ ಕೂತಿತ್ತು. ತಂದು ಕುದಿಯೋ ನೀರು ಹೊಯ್ದೆ. ಟಪ್ ಅಂತು, ಎರಡು ಹೋಳಾಯ್ತು. ಗಾಜಿನ ಕೆಲಸದವನ ಮಗಳು ನಾನು, ನಂಗೆ ಗೊತ್ತಿರಲಿಲ್ವಾ? ಅಮ್ಮ ಹೋಗಿ ಎರಡು ತಿಂಗಳು ಆಗಿತ್ತು, ತಲೆ ನೆಟ್ಟಗಿರಲಿಲ್ಲ."

"ಹೇಳ್ಬೋದಿತ್ತಲ್ಲ."

"ಹೇಳೋಣ ಅಂತಾನೇ ಬಂದಿದ್ದು. ನಂದನ್ನ ಮೇಲಿಟ್ಟು ತಂದೆ, ಕೈಗೆ ಕೊಟ್ಟು ಹೇಳೋಣ ಅಂತ. ನೀನು ಬಾಗ್ಲಲ್ಲೇ ತೆಗೊಂಡು, 'ಎಷ್ಟು ಚೆನ್ನಾಗಿ ತೊಳ್ದಿದೀಯೆ, ಅಮ್ಮನೇ ತೊಳ್ದ ಹಾಗಿದೆ' ಅಂದೆ. ಆಮೇಲೆ ನಂಗೆ ಬಾಯೇ ಬರ್ಲಿಲ್ಲ. ಒಂಬತ್ತು ವರ್ಷ ಆಯ್ತು. ಪ್ರತಿ ಸಲ ನಿಮ್ಮನೇಗೆ ಬಂದಾಗ ಅದನ್ನೇ ನೋಡ್ತಿದ್ದೆ, ಇವತ್ತು ಗೊತ್ತಾಗತ್ತೆ, ಇವತ್ತು ಗೊತ್ತಾಗತ್ತೆ ಅಂತ. ಗೊತ್ತಾದ್ರೆ ಬಯ್ತಾಳೆ ಅಂದ್ಕೊಂಡಿದ್ದೆ. ಕಳ್ಳಿ ಅಂತಾಳೆ ಅಂದ್ಕೊಂಡಿರಲಿಲ್ಲ."

ಲಿಯೋಟಾ ಅಂಗೈಯಲ್ಲಿದ್ದ ಸಾಬೂನಿನ ಚೂರುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತಳು. ಬೆವರಿಗೆ ಅವು ಅಂಟಿಕೊಳ್ಳುತ್ತಿದ್ದವು. "ನಾನೆಲ್ಲಿ ಹಾಗಂದೆ?"

"ಬುಧವಾರ ಅಂದೆ. ನೀನು ಮನೆ ಮುಟ್ಟೋದ್ರೊಳಗೆ ನನ್ನ ಫೋನು ಬಡ್ಕೊಳ್ತು."

ಹೊರಗೆ ಹಾಸಿಗೆಬಟ್ಟೆ ಪಟಪಟ ಎನ್ನುತ್ತಿತ್ತು. ಲಿಯೋಟಾ ಚೂರುಗಳನ್ನು ತೊಟ್ಟಿಯ ಅಂಚಿಗೆ ಒಂದೊಂದಾಗಿ ಬಿಡಿಸಿ ಇಟ್ಟಳು. ಬಾಣಂತನದ ಅಡುಗೆ, ಬೀಗದ ಕೈ, ಈ ಐದು ದಿನ ತಾನು ಹೆಣೆದದ್ದೆಲ್ಲ ನೆನಪಾಗಿ ಕಿವಿ ಬಿಸಿಯಾಯಿತು.

"ಇದು ಇಲ್ಲೇ ಇರ್ಲಿ," ಎಂದಳು, ಕೋಳಿಯ ಮೇಲೆ ಕೈಯಿಟ್ಟು. "ನಿಂದು ನಿಂಗೆ."

"ಮದುವೆ ಹುಡುಗೀಗೆ ಬೋಳು ಬುಟ್ಟಿ ಕೊಡ್ತೀಯ?"

"ಕೊಡ್ತೀನಿ. ಯಾಕೆ ಬೋಳು ಅಂತಾನೂ ಹೇಳ್ತೀನಿ."

"ಅವಳಿಗೆ ಆಮೇಲೆ ಹೇಳು." ಆರ್ವಿಲ್ಲಾ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. "ಮೊದಲು ಬುಧವಾರ. ಅದೇ ಜಾಗ, ಅದೇ ಜನ. ಹೋದ ಸಲ ಎಷ್ಟು ಜೋರಾಗಿ ಅಂದ್ಯೋ ಅಷ್ಟೇ ಜೋರಾಗಿ."

"ಹೇಳ್ತೀನಿ."

"ನಾನೂ ಬಂದು ಪಕ್ಕದಲ್ಲೇ ಕೂತಿರ್ತೀನಿ. ಹೆಸ್ಟರ್‌ಗೆ ಎರಡು ಸಲ ಹೇಳ್ಬೇಕಾಗತ್ತೆ. ಒಳ್ಳೇ ಮಾತು ಅವಳಿಗೆ ಒಂದೇ ಸಲಕ್ಕೆ ಕೇಳ್ಸಲ್ಲ."

ಲಿಯೋಟಾ ಹೂಂ ಎಂದಳು. ಪೈ ಕೊಯ್ಯಲು ಚಾಕು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಆದರೂ ಆರ್ವಿಲ್ಲಾ ತೆಗೆದುಕೊಡುವವರೆಗೂ ಕೈ ಕಟ್ಟಿ ನಿಂತಳು.