ಲಿಥಿಯಂನ ಎರಡು ಚೂರು

ಬೆಸುಗೆಯ ರಾಳ ಸುಡುವ ವಾಸನೆ ಎಂದರೆ ಅವಳಿಗೆ ಅಪ್ಪನ ರೇಡಿಯೋ ರಿಪೇರಿ ಅಂಗಡಿ. ಶಾಲೆ ಬಿಟ್ಟು ಬಂದು, ಅಲ್ಲಿನ ಮೇಜಿನಡಿ ಕೂತು ಮಗ್ಗಿ ಕಲಿತದ್ದು ಆ ವಾಸನೆಯಲ್ಲೇ.

ಈಗ ಅವಳ ಲೆಕ್ಕವೆಲ್ಲ ಲಿಥಿಯಂನದು. ಅದರ ನ್ಯೂಕ್ಲಿಯಸ್ಸುಗಳನ್ನು ವೇಗವಾಗಿ ಸೀಸದ ತೆಳು ಹಾಳೆಗೆ ಅಪ್ಪಳಿಸಿದರೆ ಕೆಲವು ಒಡೆದು ಎರಡು ಚೂರಾಗುತ್ತವೆ. ಆ ಚೂರುಗಳು ಎಡ ಬಲದ ಡಿಟೆಕ್ಟರುಗಳಿಗೆ ತಾಗಿದ ಸುದ್ದಿ ಒಟ್ಟಿಗೆ ಬಂದರಷ್ಟೇ ಯಂತ್ರ ಜೋಡಿಯೆಂದು ಬರೆದುಕೊಳ್ಳುತ್ತದೆ. ನಿನ್ನೆಯವರೆಗೆ ಬೇಕಾದ ಜೋಡಿಗಳಲ್ಲಿ ಮುಕ್ಕಾಲು ಪಾಲು ಸಿಕ್ಕಿತ್ತು. ಬೆಳಗ್ಗೆಯಿಂದ ಒಂದೂ ಇಲ್ಲ. ಸಂಜೆ ಐದಕ್ಕೆ ಬೀಮು, ಅಂದರೆ ಆ ನ್ಯೂಕ್ಲಿಯಸ್ಸುಗಳ ಧಾರೆ, ಬೇರೆಯವರ ಪಾಲು. ಮತ್ತೆ ಅವಳ ಸರದಿ ಎರಡು ವರ್ಷಕ್ಕೆ. ಅಷ್ಟರಲ್ಲಿ ಸಂಶೋಧನೆಯ ಅವಧಿಯೇ ಮುಗಿದಿರುತ್ತದೆ.

ಸಿಕ್ಕಷ್ಟರಲ್ಲೇ ಬರೆದು ಮುಗಿಸಮ್ಮ ಎಂದು ಗುರುಗಳು ಮೆತ್ತಗೆ ಹೇಳಿ ನೋಡಿದರು. ಅವಳು ಜಗ್ಗಲಿಲ್ಲ. ಮಧ್ಯಾಹ್ನ ಬೀಮು ನಿಲ್ಲಿಸಲು ಹೇಳಿ, ಟಾರ್ಚ್ ಹಿಡಿದು ಡಿಟೆಕ್ಟರುಗಳಿದ್ದ ಕೋಣೆ ಹೊಕ್ಕು, ಒಂದೊಂದೇ ಕೇಬಲ್ಲಿಗೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತ ಬಂದಳು. ಬಲಗಡೆಯ ಕೇಬಲ್ಲಿನ ತುದಿಯಲ್ಲಿ ಅಪ್ಪನ ಅಂಗಡಿಯ ವಾಸನೆ.

"ಇದು ನಿಮ್ಮ ಕೈಕೆಲಸವಾ, ತಂತಿ ಮಾವ?"

ನಿವೃತ್ತಿಯ ಅಂಚಿನಲ್ಲಿದ್ದ ತಂತ್ರಜ್ಞರನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಗೆ. ಅವರು ಹೌದೆಂದರು. ಹಳೆಯದು ಓಡಾಡುವ ದಾರಿಗೆ ಅಡ್ಡವಿತ್ತಂತೆ. ಮೊನ್ನೆ ಅವಳು ಎಡವಿದ್ದನ್ನು ನೋಡಿ, ನಿನ್ನೆ ಸಂಜೆ ಬೀಮು ನಿಂತಾಗ, ಗೋಡೆಯ ಪಕ್ಕದಲ್ಲಿ ಸುತ್ತಿಕೊಂಡು ಹೋಗುವಂಥ ಉದ್ದದ್ದೊಂದನ್ನು ಹಾಕಿದರಂತೆ. ಹೇಳುತ್ತ ಹೇಳುತ್ತಲೇ ಅವರ ಮುಖ ಸಣ್ಣದಾಯಿತು. ಇಪ್ಪತ್ತು ಮೀಟರ್ ಹೆಚ್ಚು. ಬಲಗಡೆಯ ಸುದ್ದಿ ಕೂದಲೆಳೆಯಷ್ಟು ತಡವಾಗಿ ಬರುತ್ತಿತ್ತು. ಒಡಹುಟ್ಟಿದವರನ್ನು ಅಪರಿಚಿತರೆಂದು ತಳ್ಳಲು ಯಂತ್ರಕ್ಕೆ ಅಷ್ಟೇ ಸಾಕಿತ್ತು. ಹಳೆಯದನ್ನೇ ವಾಪಸು ಹಾಕೋಣವೆಂದರೆ ಅದನ್ನಾಗಲೇ ತುಂಡು ಮಾಡಿಯಾಗಿತ್ತು.

"ನಿನ್ನ ಕಾಲು ಉಳಿಸೋಕೆ ಹೋಗಿ ಕತ್ತೇ ಕುಯ್ದೆನಲ್ಲಮ್ಮ."

"ಕತ್ತು ಇನ್ನೂ ಗಟ್ಟಿಯಾಗೇ ಇದೆ. ಎಡಗಡೆಗೂ ಅಷ್ಟೇ ಉದ್ದದ್ದು ಮಾಡಿ. ಎರಡೂ ಒಟ್ಟಿಗೆ ತಡವಾಗಲಿ, ಜಗಳವೇ ಇಲ್ಲ."

ಅವಳು ತಂತಿ ಹಿಡಿದಳು, ಅವರು ಬೆಸುಗೆ ಹಾಕಿದರು. ಮೊದಲ ತುದಿಯನ್ನು ಎರಡು ಸಲ ಬಿಚ್ಚಿ ಹಾಕಿದವರು ಎರಡನೆಯದನ್ನು ಒಂದೇ ಸಲಕ್ಕೆ ಮುಗಿಸಿದರು. ಮೂರಕ್ಕೆ ಮುಂಚೆಯೇ ಪರದೆಯ ಮೇಲೆ ಮೊದಲ ಜೋಡಿ ಬಿತ್ತು. ಹಿಂದೆಯೇ ಇನ್ನೊಂದು, ಮತ್ತೆರಡು. ಐದರವರೆಗೆ ಹೀಗೇ ಬಂದರೆ ಸಾಕು.

ತಂತಿ ಮಾವ ಮಾತ್ರ ಮೂಲೆಯ ಸ್ಟೂಲಿನಲ್ಲಿ ತಲೆ ತಗ್ಗಿಸಿ ಕೂತೇ ಇದ್ದರು. ಅವರ ಊಟದ ಡಬ್ಬಿ ಬೆಳಗ್ಗೆ ಇಟ್ಟಲ್ಲೇ ಇತ್ತು. ಅವಳು ಎದ್ದು ಹೋಗಿ, ಬಿಗಿದಿದ್ದ ಮುಚ್ಚಳ ತೆಗೆದು, ಚಮಚ ಒರೆಸಿ, ಡಬ್ಬಿಯನ್ನು ಅವರ ಕೈಗಿತ್ತಳು.