ಐತವಾರದ ಡೈರೆಕ್ಟರಿ

1989ರ ಮಾರ್ಚ್ ತಿಂಗಳ ಒಂದು ಸೋಮವಾರ ಮಧ್ಯಾಹ್ನ, ಕುಂದಗೋಳದ ಅಳತೆ ಕ್ಯಾಂಪಿನಲ್ಲಿ ರೇವವ್ವನಿಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು. ಯರಗುಪ್ಪಿಯ ಕಾವಲುಗಾರ ಮುದಕಪ್ಪ ಕೆಲಸದ ಹೊತ್ತಿನಲ್ಲಿ ನಿದ್ದೆ ಮಾಡಿದನೆಂದು ಕಾಗದ ಟೈಪ್ ಮಾಡಿ, ಅವನ ಹೆಬ್ಬೆಟ್ಟು ಒತ್ತಿಸಿಡು, ಇವತ್ತೇ ಕೆಲಸದಿಂದ ತೆಗೆದುಹಾಕುತ್ತೇನೆ ಎಂದು ಕ್ಯಾಂಪಿನ ಸಾಹೇಬರು ಊಟಕ್ಕೆ ಎದ್ದುಹೋಗಿದ್ದರು. ಕಂಪ್ಯೂಟರಿನ ಫೈಲುಗಳನ್ನು ಓರಣವಾಗಿಡಲು ಬಂದವಳಿಗೆ ಒಬ್ಬನ ಅನ್ನ ಕಿತ್ತುಕೊಳ್ಳುವ ಕೆಲಸ ಬಂದು ಕೂತಿತ್ತು.

ಉಪಗ್ರಹಗಳ ಸಂಕೇತ ಹಿಡಿದು, ಹೊಲದಲ್ಲಿ ನೆಟ್ಟ ಕಲ್ಲು ಭೂಮಿಯ ಮೇಲೆ ಎಲ್ಲಿದೆಯೆಂದು ಹೇಳುವ ಯಂತ್ರ ಆ ಕ್ಯಾಂಪಿನದು. ಆಗ ಉಪಗ್ರಹಗಳೇ ಬೆರಳೆಣಿಕೆಯಷ್ಟು. ದಿನಕ್ಕೆ ಮೂರು ತಾಸು ಒಟ್ಟಿಗೆ ಸಿಗುತ್ತಿದ್ದವು, ಅದೂ ದಿನದಿನಕ್ಕೆ ನಾಲ್ಕು ನಿಮಿಷ ಮುಂಚೆ. ತಿಂಗಳ ಹಿಂದೆ ಬೆಳಿಗ್ಗೆ ಆರಕ್ಕೆ ಶುರುವಾಗುತ್ತಿದ್ದ ಅಳತೆ, ಯಂತ್ರ ರಿಪೇರಿಗೆ ಹೋಗಿ ಬರುವಷ್ಟರಲ್ಲಿ ನಸುಕಿನ ನಾಲ್ಕಕ್ಕೆ ಸರಿದಿತ್ತು. ಹಾಗೆ ಸರಿದ ಮೇಲೆ ಯರಗುಪ್ಪಿಯ ಕಲ್ಲಿನ ಅಳತೆಯೇ ಮೊದಲನೆಯದು.

ಯಂತ್ರದಿಂದ ಇಳಿಸಿದ ಫೈಲುಗಳಿಗೆ ಕಂಪ್ಯೂಟರು ದಿನಕ್ಕೊಂದು ಡೈರೆಕ್ಟರಿ, ಅಂದರೆ ಫೈಲಿಡುವ ಖಾನೆ, ತಾನೇ ಮಾಡುತ್ತಿತ್ತು; ವರ್ಷದ ಎಷ್ಟನೆಯ ದಿನವೋ ಅದೇ ಅದರ ಹೆಸರು. ರವಿವಾರದ್ದು, ಊರವರ ಬಾಯಲ್ಲಿ ಐತವಾರದ್ದು, 071; ಸೋಮವಾರದ್ದು 072. ಸೋಮವಾರದ ಫೈಲು ಸೊನ್ನೆ ತಾಸಿಗೆ ಶುರುವಾಗಿತ್ತು. ಯಂತ್ರದ ಗಡಿಯಾರ ಲಂಡನ್ನಿನದು, ಐದೂವರೆ ತಾಸು ಕೂಡಿಸಬೇಕು ಎಂದು ಸಾಹೇಬರೇ ಕಲಿಸಿದ್ದರು. ಅಂದರೆ ನಾಲ್ಕಕ್ಕೆ ಯಂತ್ರದ ಗುಂಡಿ ಒತ್ತಿ ಅಳತೆ ಶುರುಮಾಡಬೇಕಾದ ಮುದಕಪ್ಪ ಐದೂವರೆಗೆ ಎದ್ದಿದ್ದಾನೆ ಎಂದು ಅವರ ಲೆಕ್ಕ. ರವಿವಾರವಂತೂ ರಜೆ. "071ರಲ್ಲಿ ಇರೋದೆಲ್ಲ ಕಸ, ಅಳಿಸಿಬಿಡು. ಡಿಸ್ಕಿನಲ್ಲಿ ಜಾಗ ಇಲ್ಲ" ಎಂದಿದ್ದರು.

ಮುದಕಪ್ಪ ಬಾಗಿಲಲ್ಲಿ ನಿಂತಿದ್ದ. ಹೆಗಲ ಮೇಲಿನ ವಲ್ಲಿವಸ್ತ್ರ ಕೈಗೆ ಬಂದಿತ್ತು.

"ಯವ್ವಾ, ನಾ ಮಲಗಿಲ್ಲ. ಐತವಾರ ಇರೂವಾಗನ ಗುಂಡಿ ಒತ್ತೇನಿ."

"ಐತವಾರ ಸೂಟಿ ಇತ್ತಲ್ಲ ಕಾಕಾ? ನೀವು ಹ್ವಾದದ್ದು ಇವತ್ತ ನಸಿಕಿನ್ಯಾಗ. ಸೋಮವಾರ."

"ಬೆಳಕು ಹರಿಯೂಕಿಂತ ಮೊದಲ ಸೋಮವಾರ ಹೆಂಗ ಆಕ್ಕೈತಿ? ಬೆಳಕು ಹರದಮ್ಯಾಲ ಸೋಮವಾರ. ನಾ ಒತ್ತಿದಾಗ ಇನ್ನೂ ಕತ್ತಲ ಇತ್ತು."

ಇವನ ಲೆಕ್ಕ ಕೇಳಿದರೆ ಸಾಹೇಬರು ನಗುತ್ತಾರೆ ಅಷ್ಟೆ ಎಂದುಕೊಳ್ಳುತ್ತ ರೇವವ್ವ 071 ಅಳಿಸುವ ಆಜ್ಞೆ ಟೈಪ್ ಮಾಡಿದಳು. ಅಳಿಸಲೇ, ಬೇಡವೇ ಎಂದು ಪರದೆ ಕೇಳಿತು. ಬೆರಳು ಅಲ್ಲೇ ನಿಂತಿತು. ಸೊನ್ನೆ ತಾಸು, ಸೊನ್ನೆ ನಿಮಿಷ, ಸೊನ್ನೆ ಸೆಕೆಂಡು. ನಿದ್ದೆಗಣ್ಣಲ್ಲಿ ಎದ್ದವನು ಇಷ್ಟು ಕರಾರುವಾಕ್ಕಾಗಿ ಗುಂಡಿ ಒತ್ತುತ್ತಾನೆಯೇ? ನಮ್ಮ ಐದೂವರೆಗೆ ಲಂಡನ್ನಿನಲ್ಲಿ ನಡುರಾತ್ರಿ. ಹಾಗಾದರೆ ಐದೂವರೆಯ ತನಕ ಯಂತ್ರಕ್ಕೂ ಐತವಾರವೇ; ದಿನ ಬದಲಾದಾಗ ಅದು ತಾನೇ ಹೊಸ ಫೈಲು ಶುರುಮಾಡಿದೆ.

ಬೇಡ ಎಂದು ಒತ್ತಿ ಅವಳು 071 ತೆರೆದಳು. ಒಳಗೆ ಒಂದೇ ಫೈಲು, ಇಪ್ಪತ್ತೆರಡೂವರೆ ತಾಸಿಗೆ ಶುರುವಾದದ್ದು. ಐದೂವರೆ ಕೂಡಿಸಿದಳು. ಸೋಮವಾರ ನಸುಕಿನ ಸರಿಯಾಗಿ ನಾಲ್ಕು. ಅವಳ ಕಣ್ಣು ತುಂಬಿ ಬಂತು. ಇನ್ನೊಂದು ಕೀಲಿ ಒತ್ತಿದ್ದರೆ ಈ ಮನುಷ್ಯನ ಸತ್ಯ ಅವಳ ಕೈಯಾರೆ ಅಳಿಸಿಹೋಗುತ್ತಿತ್ತು.

ಸಾಹೇಬರು ಬರುವಷ್ಟರಲ್ಲಿ ಅವಳು ಯರಗುಪ್ಪಿಯ ಕಲ್ಲಿನ ಹೆಸರಿನಲ್ಲೇ ಹೊಸ ಡೈರೆಕ್ಟರಿ ಮಾಡಿ ಎರಡೂ ಫೈಲು ಅದರೊಳಗೆ ಇಟ್ಟಿದ್ದಳು.

"ಹೆಬ್ಬೆಟ್ಟು ಆಯ್ತಾ?"

"ಇಲ್ರಿ. ಮೊದಲು ಇದನ್ನ ನೋಡ್ರಿ. ನಾವು ತಾಸು ಕೂಡಿಸಿದ್ವಿ, ತಾರೀಖು ಬದಲಾಗೂದು ಮರತ್ವಿ. ಇನ್ನಮ್ಯಾಲ ಫೈಲು ದಿನದ ಹೆಸರಿನ್ಯಾಗ ಇಡಂಗಿಲ್ಲರಿ, ಕಲ್ಲಿನ ಹೆಸರಿನ್ಯಾಗ ಇಡತೀನಿ."

ಸಾಹೇಬರು ಪರದೆಯ ಮೇಲಿನ ಎರಡೂ ಫೈಲುಗಳ ಹೊತ್ತನ್ನು ಎರಡು ಸಲ ಓದಿದರು. ಮುಖ ಕೆಂಪಾಯಿತು. ರೇವವ್ವ ಹೆಬ್ಬೆಟ್ಟಿಗೆಂದು ಟೈಪ್ ಮಾಡಿಟ್ಟಿದ್ದ ಕಾಗದವನ್ನು ಅವರ ಮುಂದೆ ಸರಿಸಿದಳು.

"ಇದನ್ನ ಯಾವ ಡೈರೆಕ್ಟರಿಗೆ ಹಾಕ್ಲಿರಿ?"

ಅವರು ಅದನ್ನು ಹರಿದು ಬುಟ್ಟಿಗೆ ಹಾಕಿದರು. ಬಾಗಿಲ ಕಡೆ ತಿರುಗಿ, "ನಾಳೆ ಬೆಳಿಗ್ಗೆ ನಾಲ್ಕಕ್ಕೆ ನಾಲ್ಕು ನಿಮಿಷ ಇರುವಾಗ ಗುಂಡಿ ಒತ್ತು ಮುದಕಪ್ಪ" ಎಂದರು.

"ಹೌದ್ರಿ" ಎಂದು ಮುದಕಪ್ಪ ವಲ್ಲಿ ಹೆಗಲಿಗೆ ಹಾಕಿಕೊಂಡ. "ಸೋಮವಾರ ಮುಗಿಯೂದ್ರೊಳಗ ಒತ್ತತೀನ್ರಿ."

ಸಾಹೇಬರು ತಿದ್ದಲು ಬಾಯಿ ತೆರೆದರು. ರೇವವ್ವನ ಮುಖ ನೋಡಿ, "ಆಯ್ತು, ಸೋಮವಾರ ಮುಗಿಯೋದ್ರೊಳಗೇ" ಎಂದರು.